ರಾಣಿಯ ನಡಿಗೆ

ಗೋವಾದ ಮ್ಹಾಪಸಾದಲ್ಲಿ ಪಣಜಿ ಬಸ್ಸಿಗೆ ಸಾಲು ನಿಂತಿದ್ದೆ. ಮುಂದೆ ಕನ್ನಡ ಕೇಳಿಸಿತು: ನರೆತ ಕೂದಲನ್ನು ತುರುಬು ಕಟ್ಟಿದ್ದ ಮುದುಕರೊಬ್ಬರು, ಪಕ್ಕದಲ್ಲಿ ಮೂವತ್ತರ ಆಸುಪಾಸಿನ ಹೆಂಗಸು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

“ಫಕೀರಪ್ಪ ಕಾಕಾ, ಸಿಟ್ಟಾಗಬ್ಯಾಡ್ರಿ. ಪಣಜಿ ನಾಟಕದಾಗ ರಾಣಿ ಪಾರ್ಟು ನಿಮಗಿಲ್ರಿ.”

“ಯಾರು ಹೇಳಿದ್ರು?”

“ಸಂಘದವರು ಎಲ್ಲಾರೂ ಕೂಡಿ ಮಾತಾಡೇವ್ರಿ.”

“ಸಂಘ ಕಟ್ಟಿದಾಂವ ನಾನು, ದ್ರಾಕ್ಷಾಯಿಣಿ. ಪರ್ವರಿ ಕೆಲಸದ ಜಾಗಾದಾಗ ಸಿಮೆಂಟ್ ಚೀಲ ಹೊಲದು ಪಡದಿ ಕಟ್ಟಿದ್ವಿ. ಇದ್ದವರು ಆರು ಮಂದಿ. ಒಬ್ಬ ಹೆಣ್ಣಮಗಳೂ ಬರಲಿಲ್ಲ. ಅದಕ್ಕ ನಾ ಸೀರಿ ಉಟ್ಟೆ. ಇಪ್ಪತ್ತೆರಡು ವರ್ಷ ಆತು.”

“ಈಗ ಹನ್ನೊಂದು ಮಂದಿ ಹೆಣ್ಣಮಕ್ಕಳು ಅದೇವ್ರಿ. ಇನ್ನೂ ನೀವ ಸೀರಿ ಉಟ್ಟರ ನಾವು ಯಾಕ ಬರಬೇಕ್ರಿ?”

ಸಾಲು ಎರಡು ಹೆಜ್ಜೆ ಸರಿಯಿತು.

“ಯಾರು ಮಾಡ್ತಾರ?”

“ನಾನ್ರಿ. ಥೇಟ್ ನಿಮ್ಮಂಗ ಮಾಡ್ತೇನಿ. ಬಲಗಾಲು ಎಳಕೊಂಡು ನಡೆಯೋದೂ ಕಲ್ತೇನಿ.”

ಅಲ್ಲೇ ನಡೆದು ತೋರಿಸಿದಳು.

“ಅದನ್ನ ಬಿಡು.”

“ಯಾಕ್ರಿ? ರಾಣಿ ನಡಿಗಿ ಅದೇ ಅಲ್ಲೇನ್ರಿ? ಸಣ್ಣಾಕಿದ್ದಾಗಿಂದ ಖಡಿ ಕಲ್ಲಿನ ರಾಶಿ ಮ್ಯಾಲ ಕುಂತು ನೋಡೇನಿ. ಆಟದ ಹೊರಗೂ ನಿಮಗ ಅದ ರೂಢಿ ಆಗೇತಿ ಅಂದ್ಕೊಂಡಿದ್ದೆ.”

“ಮೊದಲನೇ ಆಟಕ್ಕ ಮೂರು ತಿಂಗಳು ಮೊದಲ ಸೆಂಟ್ರಿಂಗ್ ಮ್ಯಾಲಿಂದ ಬಿದ್ದಿದ್ದೆ. ಕಾಲು ಮುರದದ್ದು ನಂದು, ರಾಣಿದಲ್ಲ. ನೀ ನೆಟ್ಟಗ ನಡಿ.”

ಬಸ್ಸು ಬಂತು. ಮುದುಕರು ಕಂಬಿ ಹಿಡಿದು, ಬಲಗಾಲನ್ನು ಕೈಯಿಂದ ಎತ್ತಿಟ್ಟುಕೊಂಡು ಹತ್ತಿದರು. ಅವಳು ತನ್ನ ಬಲಗಾಲನ್ನೇ ನೋಡುತ್ತ ನಿಂತಿದ್ದಳು. ಕಂಡಕ್ಟರ್ ಎರಡು ಸಲ ಕೂಗಿದ ಮೇಲೆ ಹತ್ತಿದಳು.