ಹಸಿರು ಶಾಯಿಯ ನಾನು

ಇದು ನನ್ನ ದೊಡ್ಡಪ್ಪನ ಮಗನಿಗೆ ಸಂಭವಿಸಿದ್ದು. ಕಟ್ಟಿ ಹೇಳುವ ಚಪಲ ಈ ವಯಸ್ಸಿನಲ್ಲಿ ನನಗಿಲ್ಲ. ಆ ದೀಪವನ್ನು ತುಸು ಸಣ್ಣದು ಮಾಡಿ... ಹಾಂ, ಸಾಕು.

ಅವನನ್ನು ಎಲ್ಲರೂ ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಆ ರಾತ್ರಿ ಹತ್ತೂವರೆಗೆ, ಅವನ ಬರಹ ಟೈಪ್ ಮಾಡಿಕೊಡುತ್ತಿದ್ದ ಟೈಪಿಸ್ಟಮ್ಮನ ಮನೆಯಿಂದ ಹಿಂದಿರುಗುತ್ತಿದ್ದ. ದಾರಿಯಲ್ಲೊಂದು ಆಲದ ಮರ. ಅದರ ಬುಡದಲ್ಲಿ ಬಳಕೆ ತಪ್ಪಿದ ಬಾವಿ. ಅವನ ಕಂಕುಳಲ್ಲಿ ಮೂರು ನೋಟುಪುಸ್ತಕ. ಎದೆಯಲ್ಲಿ ಉರಿ.

ಅವನ ಕಾದಂಬರಿಯಲ್ಲಿ ಮೂವರು ‘ನಾನು’ ‘ನಾನು’ ಎಂದು ಕತೆ ಹೇಳುತ್ತಿದ್ದರು: ಅಣ್ಣ, ತಮ್ಮ, ಅಣ್ಣನ ಸತ್ತ ಹೆಂಡತಿ. ಒಬ್ಬರ ದನಿ ಇನ್ನೊಬ್ಬರಿಗೆ ಅಂಟಬಾರದೆಂದು ಅವನೊಂದು ಕಟ್ಟಳೆ ಮಾಡಿಕೊಂಡಿದ್ದ. ಅಣ್ಣನಿಗೆ ಕಪ್ಪು ಶಾಯಿ, ತಮ್ಮನಿಗೆ ನೀಲಿ. ಹೆಣ್ಣಿನ ದನಿಗೆ ಮಾತ್ರ... ಬೀರು ತೆರೆದು, ತೀರಿಕೊಂಡ ತನ್ನ ಹೆಂಡತಿಯ ಲೇಖನಿಯನ್ನೂ ಅವಳ ಹಸಿರು ಶಾಯಿಯ ಬುಡ್ಡಿಯನ್ನೂ ತೆಗೆದುಕೊಂಡಿದ್ದ. ಎಡವಿದ್ದು ಅಲ್ಲಿಯೇ.

ಅವಳೂ ಕತೆ ಬರೆಯುತ್ತಿದ್ದಳು. ತುಸು ತಿದ್ದಿ ಕಳುಹಿಸಿದರೆ ಅಚ್ಚು ಹಾಕುತ್ತೇವೆಂದು ಒಮ್ಮೆ ಪತ್ರಿಕೆಯವರು ಅವಳಿಗೆ ಕಾಗದ ಬರೆದಿದ್ದರು. ಅದೇ ವಾರ ಇವನ ಕತೆಯನ್ನು ಅವರೇ ಹಿಂದಿರುಗಿಸಿದ್ದರು. ಇವನು ಆ ಕಾಗದವನ್ನು ಒಲೆಗೆ ಹಾಕಿದ. ಅವಳು ಎರಡು ವರ್ಷ ಅಂಚೆಯವನ ದಾರಿ ನೋಡಿದಳು. ಆಮೇಲೆ ಬರೆಯುವುದನ್ನೇ ಬಿಟ್ಟಳು. ಈ ಸಂಗತಿ ಒಂದು ನರಪಿಳ್ಳೆಗೂ ತಿಳಿದಿರಲಿಲ್ಲ.

ಅಂದು ಟೈಪಿಸ್ಟಮ್ಮ ಕನ್ನಡಕವನ್ನು ಹಣೆಗೇರಿಸಿ ಹೇಳಿದ್ದಳು:

“ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಅಣ್ಣ, ತಮ್ಮ ಇಬ್ರೂ ಒಬ್ಬನೇ. ಟೋಪಿ ಮಾತ್ರ ಬೇರೆ. ಆದ್ರೆ ಆ ಹೆಂಗಸು... ಅಬ್ಬಾ! ಟೈಪ್ ಮಾಡ್ತಾ ಮಾಡ್ತಾ ಕೈ ನಿಂತುಹೋಯ್ತು.”

“ಅದನ್ನೂ ನಾನೇ ಬರೆದದ್ದು, ಅಮ್ಮಾ.”

“ಹೌದಾ? ಮತ್ತೆ ಉಳಿದದ್ದಕ್ಕೇನು ರೋಗ? ಇನ್ನೊಂದು ಅಧ್ಯಾಯ ತನ್ನಿ. ಪುಸ್ತಕಕ್ಕೆ ಅವಳೊಬ್ಬಳೇ ಸಾಕು.”

ಆ ಮಾತು ಕಿವಿಯಲ್ಲಿ ಕೊರೆಯುತ್ತಿರಲು, ಅವನು ಬಾವಿಯ ಬಳಿ ಬೀದಿದೀಪದ ಕೆಳಗೆ ನಿಂತು ಹೆಣ್ಣಿನ ದನಿಯಿದ್ದ ಮೂರನೆಯ ನೋಟುಪುಸ್ತಕವನ್ನು ಬಿಡಿಸಿದ. ತಾನು ನಿಲ್ಲಿಸಿದ್ದ ಸಾಲಿನ ಕೆಳಗೆ... ಇನ್ನೊಂದು ಪುಟ ತುಂಬಿತ್ತು. ಅಕ್ಷರ ಅವನದೇ. ಮಾತು ಅವನದಲ್ಲ.

‘ಅಂಚೆಯವನು ಬಂದ ದಿನ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗಿನಿಂದ ಕಾಗದ ಸುಟ್ಟ ವಾಸನೆ ಬಂತು. ಹಿಂಡಿದ್ದ ಸೀರೆಯನ್ನೇ ಮತ್ತೊಮ್ಮೆ ಹಿಂಡಿದೆ. ನಾನು ಕೇಳಲಿಲ್ಲ.’

ಭಯ ಆಮೇಲೆ ಹುಟ್ಟಿತು. ಮೊದಲು ಹುಟ್ಟಿದ್ದು ಮತ್ಸರ. ಎಷ್ಟು ಚೆನ್ನಾಗಿ ಬರೆದಿದ್ದಾಳೆ!

“ಸತ್ತ ಮೇಲಾದ್ರೂ ಸುಮ್ಮನಿರಬಾರದಾ ನೀನು...” ಎಂದು ಪಿಸುಗುಟ್ಟಿ ಅದನ್ನು ಬಾವಿಗೆಸೆದ. ಕಿವಿಗೊಟ್ಟ. ಕೆಳಗೆ ನೀರಿತ್ತು, ಆದರೂ ದುಡುಮ್ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಳದಿಂದ... ಕರ್... ಕರ್... ಕರ್... ಒರಟು ಕಾಗದದ ಮೇಲೆ ಲೇಖನಿಯ ಮುಳ್ಳು ಓಡಿದಂತೆ. ಸಾಲು ಮುಗಿದಷ್ಟು ಹೊತ್ತಿಗೆ ನಿಲ್ಲುವುದು. ಮತ್ತೆ ಮೊದಲಾಗುವುದು.

“ರೀ... ಇನ್ನೊಂದೇ ಪುಟ.”

ಓಡಿದ.

ಬೆಳಗ್ಗೆ ಟೈಪಿಸ್ಟಮ್ಮ ಒಳಚಿಲಕ ತೆಗೆಯುವ ಮೊದಲೇ ಆ ನೋಟುಪುಸ್ತಕ ಅವಳ ಯಂತ್ರದ ಪಕ್ಕದಲ್ಲಿತ್ತು. ಹನಿ ನೀರು ತಾಕಿರಲಿಲ್ಲ. ಕತೆ ಪೂರ್ತಿಯಾಗಿತ್ತು. ಅಚ್ಚಿಗೆ ಬೇಡವೆನ್ನುವ ಮಾತು ಇವನ ಬಾಯಿಗೆ ಬಂತು. ಕೀರ್ತಿಯ ಆಸೆ ಬಿಡಲಿಲ್ಲ. ಹೆಂಡತಿಯ ‘ನಾನು’ ಒಂದೇ ಇವನ ಹೆಸರಿನಲ್ಲಿ ಹೊರಬಂತು. ಜನ ಹೊಗಳಿದರು. ಒಂದೊಂದು ಹೊಗಳಿಕೆಗೂ ಅವನ ಮುಖ ಕಪ್ಪಿಡುತ್ತಿದ್ದುದನ್ನು ಪಕ್ಕದಲ್ಲಿ ಕುಳಿತು ಕಂಡಿದ್ದೇನೆ. ಸಾಯುವ ಮುನ್ನ ಅವನೇ ನನಗೆ ಇದನ್ನೆಲ್ಲ ಹೇಳಿದ್ದು.

ನಂಬದಿದ್ದರೆ ಬಿಡಿ. ನೋಟುಪುಸ್ತಕ ಟೈಪಿಸ್ಟಮ್ಮನ ಮಗಳ ಬಳಿ ಇದೆ. ಇಪ್ಪತ್ತು ವರ್ಷವಾಯಿತು. ಹೋದ ತಿಂಗಳು ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನೋಡಿದೆ...

ಬೆರಳಿಗೆ ಹಸಿರು ಹತ್ತಿತು.