ನಲವತ್ತು ದಿನದ ತೊಟ್ಟಿ

ಅಕ್ವೇರಿಯಂ ಅಂಗಡಿಯ ಸಾಲಿನಲ್ಲಿ ಮೀನಿನ ಆಹಾರದ ಡಬ್ಬಿ ಹಿಡಿದು ನಿಂತಿದ್ದ ದರ್ಜಿಯೊಬ್ಬನ ಕಿವಿ ಮುಂದಿದ್ದ ಅಕ್ಕ-ತಮ್ಮನ ಮಾತಿಗೆ ನೆಟ್ಟಗಾಯಿತು. ತಮ್ಮನ ಕೈಯಲ್ಲಿ ನೀರು ತುಂಬಿದ ಕವರು, ಅದರೊಳಗೆ ಬೆರಳುದ್ದದ ಜೀವಂತ ಹಸಿರು ಹವಳ.

“ಇದನ್ನೆಲ್ಲಿ ಹಾಕ್ತೀಯೋ?”

“ಬಚ್ಚಲ ಪಕ್ಕದ ಚಿಕ್ಕ ತೊಟ್ಟೀಲಿ ಅಕ್ಕ. ಹೊಸ ಹವಳ ನಲವತ್ತು ದಿನ ಬೇರೆ ಇರ್ಬೇಕು, ಹುಳ ಇದ್ರೆ ಗೊತ್ತಾಗುತ್ತೆ ಅಂತ ನೀನೇ ಹೇಳಿದ್ಯಲ್ಲ.”

“ಅಬ್ಬಾ, ನೆನಪಿದ್ಯಲ್ಲ! ಅಲ್ಲಿ ಆಗ್ಲೇ ಕೆಂಪು ಹವಳ ಇದೆ, ಮೂವತ್ತು ದಿನ ಆಗಿದೆ. ಇದನ್ನ ಜೊತೆಗೆ ಹಾಕಿದ್ರೆ ಎರಡಕ್ಕೂ ಮತ್ತೆ ಒಂದರಿಂದ ಎಣಿಸ್ಬೇಕು. ತಲೇಲಿ ಏನು ತುಂಬ್ಕೊಂಡಿದ್ಯೋ, ಹೊಟ್ಟಾ?”

“ಇಲ್ಲಕ್ಕ, ಜಾಗ ಖಾಲಿ ಮಾಡಿದ್ದೀನಿ.”

“ಅಂದ್ರೆ?”

“ಕೆಂಪುದನ್ನ ಬೆಳಿಗ್ಗೆ ಹಾಲ್‌ನಲ್ಲಿರೋ ದೊಡ್ಡ ತೊಟ್ಟಿಗೆ ಹಾಕ್ದೆ. ನೋಡೋಕೆ ಚೆನ್ನಾಗೇ ಇತ್ತು.”

ಅಕ್ಕ ಪೂರ್ತಿ ತಮ್ಮನ ಕಡೆ ತಿರುಗಿದಳು. ದರ್ಜಿಗೆ ಕೈಯಲ್ಲಿದ್ದ ಡಬ್ಬಿ ಅಲುಗಿಸಲೂ ಧೈರ್ಯವಾಗಲಿಲ್ಲ.

“ದೊಡ್ಡ ತೊಟ್ಟೀಲಿರೋದು ನಾನು ಒಂಬತ್ತು ವರ್ಷ ಬೆಳೆಸಿದ ಹವಳ ಕಣೋ. ನಿನಗಿಂತ ಅದಕ್ಕೇ ಬುದ್ಧಿ ಜಾಸ್ತಿ. ಇಟ್ಟ ಕಡೆ ಸುಮ್ನೆ ಇರುತ್ತೆ.”

“ಏನೂ ಆಗಲ್ಲ ಬಿಡಕ್ಕ.”

“ಅದನ್ನ ಹೋಗಿ ಹುಳಕ್ಕೆ ಹೇಳು.”

ಸಾಲು ಮುಂದೆ ಸರಿಯಿತು. ಅಕ್ಕ ಸರಿಯಲಿಲ್ಲ.

“ಆ ಕವರು ವಾಪಸ್ ಕೊಡು. ಇವತ್ತಿಂದ ದೊಡ್ಡ ತೊಟ್ಟಿಗೇ ನಲವತ್ತು ದಿನ, ಅದರ ಕಾವಲಿಗೆ ನೀನು. ದಿನಾ ಭೂತಗನ್ನಡಿ ಹಿಡ್ಕೊಂಡು ಹವಳದ ಒಂದೊಂದೇ ಕೊಂಬೆ ನೋಡ್ತೀಯ.”

“ನಲವತ್ತು ದಿನಾನಾ?”

“ಒಂದು ಹುಳ ಕಂಡ್ರೆ ಮತ್ತೆ ಮೊದಲಿಂದ.”

ಅವಳು ಹಿಂತಿರುಗಿ ನೋಡದೆ ಬಾಗಿಲು ದಾಟಿದಳು. ತಮ್ಮ ಕವರನ್ನು ಅಂಗಡಿಯವನ ಕೈಗಿಟ್ಟು, “ಭೂತಗನ್ನಡಿ ಇದ್ಯಾ ಸಾರ್?” ಎಂದ. ಇರಲಿಲ್ಲ. ಅಕ್ಕನ ಹಿಂದೆ ಓಡಿದ.