ಒಂದೇ ತೊಲೆಗೆ ಎರಡು ಜೋಲಿ

ಸೊಸೆಗೆ ಕೆಲಸ ಸಿಕ್ಕಿದಾಗಿನಿಂದ ಮೊಮ್ಮಗಳು ಓಬಳೇಶಪ್ಪನವರ ಹೆಗಲಿಗೇ ಬಿದ್ದಿದ್ದಳು. ಪುರಸಭೆಯಲ್ಲಿ ಲೈಸೆನ್ಸ್ ಕೊಡುವ ಅವರು, ರಚ್ಚೆ ಹಿಡಿದ ಕೂಸನ್ನು ತಟ್ಟುತ್ತ ಹೊಸದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು. ಪಕ್ಕದಲ್ಲಿ ಇಬ್ಬರು ಟೀಚರಮ್ಮಂದಿರು ಮಾತಿಗಿಳಿದಿದ್ದರು.

“ಸಹನಾ, ಏಕಾಂತಮ್ಮ ನಮ್ಮ ಎರಡೂ ಮನೆ ಕೂಸು ನೋಡ್ಕಳಾದಕ್ಕೆ ಲೈಸೆನ್ಸ್ ಬೇಕಂತೆ ಕಣೇ.”

“ನಮ್ಮನೆಯೋರು ತಮಾಷೆಗೆ ‘ಏಕಾಂತಮ್ಮನ ಶಿಶುವಿಹಾರ’ ಅಂತ ಬೋರ್ಡ್ ಬರೆದಿದ್ದಕ್ಕೇ ಈ ಪಜೀತಿ. ಇಳಿಸಿಬಿಡಾಣ.”

“ಆಯಮ್ಮ ಬಿಡ್ತಾಳಾ? ‘ಮೊದಲ್ನೇ ಸಲ ನನ್ನೆಸ್ರು ಗೋಡೆಮ್ಯಾಲೆ ಬಂದೈತೆ, ಇಳಿಸಂಗಿಲ್ಲ’ ಅಂದ್ಲು.”

“ಪುರಸಭೆಯೋರು ಬಂದ್ರೆ?”

“‘ಬರ್ಲಿ, ಒಂದೇ ತೊಲೆಗೆ ಎರಡು ಜೋಲಿ ಕಟ್ಟೀನಿ, ತೂಗ್ರಿ ಅಂತ ಹಗ್ಗ ಅವರ ಕೈಗೇ ಕೊಡ್ತೀನಿ’ ಅಂತಾಳೆ!”

ಬಸ್ ಬಂತು. ನಗುತ್ತಲೇ ಹತ್ತಿ ಕೂತವರ ಕಿಟಕಿಯ ಬಳಿಗೆ ಓಬಳೇಶಪ್ಪ ಕೂಸಿನೊಂದಿಗೆ ಓಡಿದರು.

“ತಾಯಿ, ಆ ತೊಲೆ ಇನ್ನೊಂದು ಜೋಲಿ ತಡೀತೈತಾ?”